ಪ್ರೇಮ, ವ್ಯಸನ ಮತ್ತು ಪಾತ್ರವಿಕಾಸ: ‘ದೇವದಾಸ’ ಕಾದಂಬರಿಯ ಒಂದು ವಿವೇಚನೆ

ಹಿಂದಿನ ವರ್ಷ ನಮ್ಮ ಶಾಲೆಯ ಸಾಹಿತ್ಯ ಸಂಘದ ಆಶ್ರಯದಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಒಂದು ಚರ್ಚಾಕೂಟವನ್ನು ಏರ್ಪಡಿಸಿದ್ದರು. ‘ದೇವದಾಸನು ಆದರ್ಶ ಪ್ರೇಮಿಯೇ?’ ಎಂಬುದು ಅಂದಿನ ವಿಷಯ. ಮಾತನಾಡಿದ ಎಂಟು ಮಂದಿಯಲ್ಲಿ ಆರು ಮಂದಿ ಅವನನ್ನು ತ್ಯಾಗಿಯೆಂದೂ, ಪ್ರೇಮಕ್ಕಾಗಿ ಪ್ರಾಣವನ್ನೇ ತೆತ್ತ ಧೀರನೆಂದೂ ಕೊಂಡಾಡಿದರು. ಕೊನೆಯಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಬಾಲಕಿ ಎದ್ದು ನಿಂತು, “ಸಾರ್, ಅವನು ಆ ಹುಡುಗಿಯನ್ನು ಹೊಡೆದದ್ದನ್ನು ಯಾರೂ ಏಕೆ ಹೇಳಲಿಲ್ಲ?” ಎಂದು ಕೇಳಿದಳು. ಸಭೆ ಒಂದು ಕ್ಷಣ ನಿಶ್ಶಬ್ದವಾಯಿತು. ಗಂಟೆ ಬಾರಿಸಿತು, ಕೂಟ ಮುಗಿಯಿತು. ಆ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ಈ ಸಂಚಿಕೆಯ ಮೂಲಕವಾದರೂ ಕೊಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಈ ಗಡಿಸೀಮೆಯ ಮನೆಗಳಿಗೆ ದೇವದಾಸನು ಪುಸ್ತಕದ ಮೂಲಕ ಬಂದವನಲ್ಲ; ಚಲಚ್ಚಿತ್ರದ ಮೂಲಕ ಬಂದವನು. 1953ರಲ್ಲಿ ಅಕ್ಕಿನೇನಿ ನಾಗೇಶ್ವರರಾವ್ ಮತ್ತು ಸಾವಿತ್ರಿ ನಟಿಸಿದ ‘ದೇವದಾಸು’ ತೆಲುಗಿನಲ್ಲಿ ತೆರೆಕಂಡಿತು. ಅದರಲ್ಲಿ ಘಂಟಸಾಲ ಅವರು ಹಾಡಿದ ಹಾಡುಗಳನ್ನು ಕನ್ನಡ ಮಾತನಾಡುವ ನಮ್ಮ ಹಿರಿಯರೂ ಬಾಯಿಪಾಠ ಮಾಡಿಕೊಂಡಿದ್ದರು. ಹಿಂದಿಯಲ್ಲಿ 1936ರಲ್ಲಿ ಸೈಗಲ್, 1955ರಲ್ಲಿ ದಿಲೀಪ್ ಕುಮಾರ್, 2002ರಲ್ಲಿ ಶಾರುಖ್ ಖಾನ್ ಆ ಪಾತ್ರವನ್ನು ಧರಿಸಿದರು. ಇಂಪಾದ ಗಾನವೂ ಸುಂದರನಾದ ನಟನೂ ಕೂಡಿದಾಗ ಪಾತ್ರದ ದೋಷಗಳು ಮಂಜಿನಲ್ಲಿ ಮರೆಯಾಗುವುದು ಸಹಜ. ಆದುದರಿಂದ ನಾವು ಮೂಲಗ್ರಂಥದ ಕಡೆಗೆ ತಿರುಗಬೇಕು.

‘ದೇವದಾಸ’ವನ್ನು ಬರೆದವರು ವಂಗದೇಶದ ಶರತ್‌ಚಂದ್ರ ಚಟ್ಟೋಪಾಧ್ಯಾಯರು (1876–1938). ಇಪ್ಪತ್ತರ ಹರೆಯದಲ್ಲಿ ಬರೆದ ಈ ಕಾದಂಬರಿಯನ್ನು ಅಚ್ಚಿಗೆ ಕೊಡಲು ಅವರಿಗೇ ಬಹುಕಾಲ ಸಂಕೋಚವಿತ್ತು. ಅದು 1917ರಲ್ಲಿ ಪ್ರಕಟವಾಯಿತು. ಕಥೆ ಸರಳವಾದುದು. ತಾಲಸೋನಾಪುರವೆಂಬ ಹಳ್ಳಿಯಲ್ಲಿ ಜಮೀನ್ದಾರರ ಮಗ ದೇವದಾಸ. ನೆರೆಮನೆಯ ಹುಡುಗಿ ಪಾರ್ವತಿ. ಬಾಲ್ಯದ ಸ್ನೇಹ ಪ್ರೇಮವಾಗುತ್ತದೆ. ಕುಲದ ಹಮ್ಮಿನಿಂದ ಜಮೀನ್ದಾರರ ಮನೆಯವರು ಸಂಬಂಧವನ್ನು ನಿರಾಕರಿಸುತ್ತಾರೆ. ಪಾರ್ವತಿಯನ್ನು ಹಾತಿಪೋತಾ ಎಂಬ ಊರಿನ, ಬೆಳೆದ ಮಕ್ಕಳಿರುವ ವಿಧುರ ಜಮೀನ್ದಾರನಿಗೆ ಮದುವೆ ಮಾಡಿಕೊಡುತ್ತಾರೆ. ದೇವದಾಸನು ಕಲ್ಕತ್ತೆಯಲ್ಲಿ ಕುಡಿತಕ್ಕೆ ಬಲಿಯಾಗಿ, ಕೊನೆಗೆ ಪಾರ್ವತಿಯ ಮನೆಯ ಮುಂದಿನ ಮರದ ಕೆಳಗೆ ಅನಾಥನಂತೆ ಸಾಯುತ್ತಾನೆ.

ಈಗ ‘ಪಾತ್ರವಿಕಾಸ’ ಎಂದರೇನೆಂಬುದನ್ನು ನೋಡೋಣ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಅವರು 1927ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗಳಲ್ಲಿ ಪಾತ್ರಗಳನ್ನು ‘ಚಪ್ಪಟೆ’ ಮತ್ತು ‘ದುಂಡು’ ಎಂದು ಎರಡು ಬಗೆಯಾಗಿ ವಿಂಗಡಿಸಿದರು. ಒಂದೇ ಗುಣದ ಸುತ್ತ ಕಟ್ಟಿದುದು ಚಪ್ಪಟೆ ಪಾತ್ರ. ನಂಬುವಂತೆಯೇ ನಮ್ಮನ್ನು ಅಚ್ಚರಿಗೊಳಿಸಬಲ್ಲುದು ದುಂಡು ಪಾತ್ರ. ವಿಕಾಸವೆಂದರೆ ಒಳ್ಳೆಯದಾಗುವುದು ಮಾತ್ರವೆಂದು ವಿದ್ಯಾರ್ಥಿಗಳು ತಿಳಿಯಬಾರದು. ಬೀಜದಲ್ಲಿ ಅಡಗಿದ್ದುದು ಸಂದರ್ಭದ ನೀರು ಬಿದ್ದು ಹೊರಗೆ ಕಾಣಿಸಿಕೊಳ್ಳುವುದೇ ವಿಕಾಸ. ಮಾವಿನ ಗಿಡವೂ ಬೆಳೆಯುತ್ತದೆ, ಜಾಲಿಯ ಮುಳ್ಳೂ ಬೆಳೆಯುತ್ತದೆ.

ದೇವದಾಸನ ಬೀಜವನ್ನು ಶರತ್‌ಚಂದ್ರರು ಮೊದಲ ಪುಟಗಳಲ್ಲಿಯೇ ಬಿತ್ತಿದ್ದಾರೆ. ಪಾಠಶಾಲೆಯಲ್ಲಿ ಬಾಲಕ ದೇವದಾಸನು ಮಾನಿಟರ್ ಹುಡುಗನನ್ನು ಸುಣ್ಣದ ರಾಶಿಯಲ್ಲಿ ಕೆಡವಿ ಓಡಿಹೋಗುತ್ತಾನೆ. ತೋಟದಲ್ಲಿ ಅಡಗಿ ಕುಳಿತು ಹುಕ್ಕ ಸೇದುತ್ತಾನೆ. ಪುಟ್ಟ ಪಾರ್ವತಿ ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡು ಅವನಿರುವಲ್ಲಿಗೆ ಬಂದು ಉಣಿಸುತ್ತಾಳೆ. ಈ ಒಂದು ಪ್ರಸಂಗದಲ್ಲಿ ಮುಂದಿನ ಕಥೆಯೆಲ್ಲ ಅಡಕವಾಗಿದೆ. ಕೋಪ ಬಂದಾಗ ಕೈ ಎತ್ತುವುದು. ಫಲವನ್ನು ಎದುರಿಸಬೇಕಾದಾಗ ಓಡುವುದು. ಓಡಿದ ಮೇಲೆ ಹೊಗೆಯಲ್ಲಿ ಸಮಾಧಾನ ಹುಡುಕುವುದು. ತನಗಾಗಿ ಇನ್ನೊಬ್ಬರು ಕಷ್ಟಪಡುವರೆಂದು ನಂಬಿ ಕೂರುವುದು. ಇನ್ನೊಮ್ಮೆ ಅವನು ಪಾರ್ವತಿಯನ್ನೇ ಹೊಡೆಯುತ್ತಾನೆ. ಯಾರು ಹೊಡೆದರೆಂದು ಮನೆಯಲ್ಲಿ ಕೇಳಿದಾಗ ಅವಳು ಪಂಡಿತರ ಹೆಸರು ಹೇಳುತ್ತಾಳೆ. ಹೊಡೆದವನನ್ನು ಕಾಪಾಡಲು ಪೆಟ್ಟು ತಿಂದವಳೇ ಸುಳ್ಳಾಡುವ ಈ ಸನ್ನಿವೇಶವನ್ನು ಪ್ರತಿಯೊಬ್ಬ ತಾಯಿತಂದೆಯೂ ಎರಡು ಬಾರಿ ಓದಬೇಕು. ವಿಷವುಳ್ಳ ಪ್ರೇಮವು ಮೊದಲು ಮೊಳೆಯುವುದು ಇಂತಹ ಮೌನದಲ್ಲಿಯೇ.

ಮುಂದೆ ಪರೀಕ್ಷೆಯ ಕಾಲ ಬರುತ್ತದೆ. ಲೋಕಾಪವಾದಕ್ಕೂ ಅಂಜದೆ ಪಾರ್ವತಿ ನಡುರಾತ್ರಿಯಲ್ಲಿ ಒಬ್ಬಳೇ ಅವನ ಕೋಣೆಗೆ ಬಂದು ಆಶ್ರಯ ಬೇಡುತ್ತಾಳೆ. ಅಷ್ಟು ಎಳೆಯ ಹುಡುಗಿಗಿರುವ ಧೈರ್ಯದಲ್ಲಿ ಕಾಲುಪಾಲೂ ಅವನಿಗಿಲ್ಲ. ತಂದೆಯ ಒಂದು ‘ಕೂಡದು’ ಎಂಬ ಮಾತಿಗೆ ಅವನು ಕಲ್ಕತ್ತೆಗೆ ಹೊರಟುಬಿಡುತ್ತಾನೆ. ಅಲ್ಲಿಂದ ಅವಳಿಗೆ ನಿರಾಸೆಯ ಪತ್ರವೊಂದನ್ನು ಬರೆಯುತ್ತಾನೆ. ಪತ್ರ ಹೋದ ಮೇಲೆ ಪಶ್ಚಾತ್ತಾಪಪಟ್ಟು ಹಿಂದಿರುಗುತ್ತಾನೆ. ಅಷ್ಟರಲ್ಲಿ ಪಾರ್ವತಿಯ ಮನಸ್ಸು ಗಟ್ಟಿಯಾಗಿರುತ್ತದೆ. ಅವಳು ಅವನ ಚಂಚಲತೆಯನ್ನು ಮುಖಕ್ಕೆ ಹೇಳಿದಾಗ, ಕೈಯಲ್ಲಿದ್ದ ಮೀನುಗಾಣದ ಕೋಲಿನಿಂದ ಅವಳ ಹಣೆಗೆ ಹೊಡೆದು ರಕ್ತ ಬರಿಸುತ್ತಾನೆ. ಅನಂತರ ತನ್ನ ಅಂಗಿಯನ್ನೇ ಹರಿದು ಗಾಯಕ್ಕೆ ಕಟ್ಟುತ್ತಾನೆ.

ಚಲಚ್ಚಿತ್ರಗಳು ಆ ಗಾಯದ ಕಲೆಯನ್ನು ಪ್ರೇಮದ ಗುರುತೆಂಬಂತೆ ತೋರಿಸಿವೆ. ಆ ಬಾಲಕಿಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಹೊಡೆದ ಕೈಯೇ ಪಟ್ಟಿ ಕಟ್ಟಿದಾಗ ನೋಡುವವರು ಪಟ್ಟಿಯನ್ನು ನೆನಪಿನಲ್ಲಿಟ್ಟುಕೊಂಡು ಪೆಟ್ಟನ್ನು ಮರೆಯುತ್ತಾರೆ. ಕಾದಂಬರಿಯನ್ನು ಎಚ್ಚರದಿಂದ ಓದಿದರೆ, ಪಾಠಶಾಲೆಯ ದಿನಗಳ ಹುಡುಗನು ಎಳ್ಳಷ್ಟೂ ಬದಲಾಗಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಎತ್ತರ ಬೆಳೆದಿದ್ದಾನೆ, ಒಳಗೆ ಅದೇ ಕೋಪ, ಅದೇ ಓಟ. ಹೊಡೆಯುವುದು ಪ್ರೇಮದ ಒಂದು ಬಗೆಯೆಂದು ಯಾವ ಪುಸ್ತಕ ಹೇಳಿದರೂ, ಯಾವ ಚಿತ್ರ ತೋರಿಸಿದರೂ ನಮ್ಮ ಮಕ್ಕಳು ನಂಬಬಾರದು.

ಇನ್ನು ಕುಡಿತದ ಮಾತು. ದೇವದಾಸನು ಪಾರ್ವತಿಗಾಗಿ ಕುಡಿದನೆಂಬುದು ಲೋಕರೂಢಿ. ಚುನ್ನಿಲಾಲನೆಂಬ ಗೆಳೆಯನು ಅವನನ್ನು ಚಂದ್ರಮುಖಿಯೆಂಬ ನರ್ತಕಿಯ ಮನೆಗೆ ಕರೆದೊಯ್ಯುತ್ತಾನೆ. ಅಲ್ಲಿಂದ ಮುಂದೆ ಅವನ ಬಾಳು ಇಳಿಜಾರಿನ ಬಂಡಿಯಾಗುತ್ತದೆ. ಮೊದಲು ದುಃಖವನ್ನು ಮರೆಯಲು ಕುಡಿಯುತ್ತಾನೆ. ಬಳಿಕ ಕುಡಿಯಲು ದುಃಖವನ್ನು ನೆನೆಯುತ್ತಾನೆ. ವ್ಯಸನದ ಗುಟ್ಟು ಇದೇ. ನಮ್ಮ ಭಾಷೆಯಲ್ಲಿ ‘ವ್ಯಸನ’ ಎಂಬ ಒಂದೇ ಶಬ್ದಕ್ಕೆ ದುಃಖವೆಂಬ ಅರ್ಥವೂ ಚಟವೆಂಬ ಅರ್ಥವೂ ಇರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎರಡೂ ಒಂದನ್ನೊಂದು ಸಾಕುತ್ತವೆ. ತಂದೆ ಸತ್ತಾಗ ಊರಿಗೆ ಬಂದ ದೇವದಾಸನನ್ನು ಪಾರ್ವತಿ ಕಂಡು ಕುಡಿತ ಬಿಡಬೇಕೆಂದು ಬೇಡುತ್ತಾಳೆ. ಬಿಡುವೆನೆಂಬ ಮಾತು ಅವನ ಬಾಯಿಂದ ಬರುವುದಿಲ್ಲ. ಸಾಯುವ ಮುನ್ನ ಒಮ್ಮೆ ಅವಳ ಮನೆಗೆ ಬರುವೆನೆಂಬ ಮಾತು ಮಾತ್ರ ಬರುತ್ತದೆ. ಬದುಕುವ ಪ್ರತಿಜ್ಞೆಗಿಂತ ಸಾಯುವ ಪ್ರತಿಜ್ಞೆ ಅವನಿಗೆ ಸುಲಭವಾಯಿತು.

ಮದ್ಯವ್ಯಸನವನ್ನು ಇಂದಿನ ವೈದ್ಯಶಾಸ್ತ್ರವು ಬರಿಯ ದುರ್ಗುಣವೆಂದು ತಿಳಿಯದೆ ರೋಗವೆಂದೇ ಪರಿಗಣಿಸಿದೆ. ಕ್ರಮೇಣ ಶರೀರಕ್ಕೆ ಹೆಚ್ಚು ಹೆಚ್ಚು ಮದ್ಯ ಬೇಕಾಗುತ್ತದೆ. ಥಟ್ಟನೆ ನಿಲ್ಲಿಸಿದರೆ ಕೈನಡುಕ, ನಿದ್ರಾಹೀನತೆ, ಕೆಲವೊಮ್ಮೆ ಭ್ರಮೆಯೂ ಸೆಳವೂ ಉಂಟಾಗುತ್ತವೆ. ಆದುದರಿಂದ ಬಹುಕಾಲ ಕುಡಿದವರು ವೈದ್ಯರ ನೆರವಿನಿಂದಲೇ ಬಿಡುವುದು ಕ್ಷೇಮ. ಯಕೃತ್ತು ಕೆಟ್ಟು ನರಳುವ ದೇವದಾಸನ ಚಿತ್ರ ಈ ದೃಷ್ಟಿಯಿಂದ ಯಥಾರ್ಥವಾಗಿದೆ. ಅವನ ಕಾಲದಲ್ಲಿ ಇಲ್ಲದ ಚಿಕಿತ್ಸೆ ಇಂದು ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. 14446 ಎಂಬ ರಾಷ್ಟ್ರೀಯ ಸಹಾಯವಾಣಿಗೆ ದೂರವಾಣಿ ಮಾಡಿ ಯಾರಾದರೂ ಸಲಹೆ ಪಡೆಯಬಹುದು. ಮನೆಯ ಮಾನ ಹೋಗುವುದೆಂದು ಬಚ್ಚಿಟ್ಟ ರೋಗ ಮನೆಯನ್ನೇ ನುಂಗುತ್ತದೆ. ಪೋಷಕರು ಇದನ್ನು ಕ್ಷಮಿಸಿ ಓದಬೇಕು: ಬೆಳಗಿನ ಪ್ರಾರ್ಥನೆಯಲ್ಲಿ ನಿಂತ ಕೆಲವು ಮಕ್ಕಳ ಕಣ್ಣುಗಳಲ್ಲಿ ಹಿಂದಿನ ರಾತ್ರಿಯ ಜಗಳ ಇನ್ನೂ ಉಳಿದಿರುವುದನ್ನು ನಾವು ಕಂಡಿದ್ದೇವೆ.

ದೇವದಾಸನು ಬದಲಾಗದಿದ್ದರೂ ಅವನ ಸುತ್ತಲಿನ ಇಬ್ಬರು ಸ್ತ್ರೀಯರು ಬದಲಾಗುತ್ತಾರೆ. ಶರತ್‌ಚಂದ್ರರ ಕಲೆಯ ಹಿರಿಮೆ ಇಲ್ಲಿದೆ. ಪಾರ್ವತಿ ಗಂಡನ ಮನೆಯಲ್ಲಿ ಅಳುತ್ತ ಕೂರುವುದಿಲ್ಲ. ಮಲಮಕ್ಕಳ ವಿಶ್ವಾಸವನ್ನು ಗಳಿಸುತ್ತಾಳೆ, ದಾನಧರ್ಮಗಳನ್ನು ನಡೆಸುತ್ತಾಳೆ, ದೊಡ್ಡ ಮನೆತನದ ಭಾರವನ್ನು ಹೊರುತ್ತಾಳೆ. ಆದರೂ ಅವಳ ಮನದ ಒಂದು ಮೂಲೆ ತಾಲಸೋನಾಪುರದಲ್ಲಿಯೇ ಉಳಿದಿದೆ. ಆದುದರಿಂದಲೇ ಅವಳು ದುಂಡು ಪಾತ್ರ. ಚಂದ್ರಮುಖಿಯ ವಿಕಾಸ ಇನ್ನೂ ವಿಸ್ಮಯಕರವಾದುದು. ತನ್ನನ್ನು ತಿರಸ್ಕರಿಸಿದ ದೇವದಾಸನ ನುಡಿಯಿಂದಲೇ ಅವಳಿಗೆ ತನ್ನ ಬಾಳಿನ ಮೇಲೆ ಹೇಸಿಕೆ ಹುಟ್ಟುತ್ತದೆ. ವೃತ್ತಿಯನ್ನು ಬಿಟ್ಟು, ಹಳ್ಳಿಯೊಂದರಲ್ಲಿ ಬಡವರ ನೆರೆಯಲ್ಲಿ ಸರಳವಾಗಿ ಬಾಳುತ್ತಾಳೆ. ಮುಂದೆ ಕಲ್ಕತ್ತೆಯ ಬೀದಿಯಲ್ಲಿ ಕುಡಿದು ಬಿದ್ದಿದ್ದ ಅವನನ್ನು ಹುಡುಕಿ ತೆಗೆದು ಉಪಚರಿಸುತ್ತಾಳೆ. ಸಮಾಜ ಯಾರನ್ನು ಕೀಳೆಂದಿತೋ ಅವಳು ಮೇಲೇರುತ್ತಾಳೆ. ಯಾರನ್ನು ಕುಲೀನನೆಂದಿತೋ ಅವನು ಕೆಳಗಿಳಿಯುತ್ತಾನೆ. ಏರುವ ಪಾತ್ರವನ್ನು ಪಕ್ಕದಲ್ಲಿಟ್ಟಾಗಲೇ ಇಳಿಯುವ ಪಾತ್ರದ ಆಳ ತಿಳಿಯುತ್ತದೆ. ಆದರೆ ಈ ಇಬ್ಬರ ಸೇವೆಯಿಂದಲೂ ದೇವದಾಸನು ಉಳಿಯಲಿಲ್ಲವೆಂಬುದನ್ನು ಹೆಣ್ಣುಮಕ್ಕಳು ಮರೆಯಬಾರದು. ತಾನೇ ಏಳಬಯಸದವನನ್ನು ಪ್ರೇಮವೊಂದೇ ಎತ್ತಲಾರದು.

ನಮ್ಮ ಕನ್ನಡದಲ್ಲಿ ಇದೇ ಬಗೆಯ ಕಥೆಗೆ ಬೇರೊಂದು ಮುಕ್ತಾಯವಿದೆ. ಕನಕದಾಸರು ‘ನಳಚರಿತ್ರೆ’ಯಲ್ಲಿ ಹಾಡಿದ ನಳನೂ ವ್ಯಸನಿಯೇ. ಮಹಾಭಾರತದ ಮೂಲಕಥೆಯಲ್ಲಿ, ಕಾಲು ತೊಳೆಯದೆ ಸಂಧ್ಯೆಗೆ ಕುಳಿತ ಒಂದು ಸಣ್ಣ ತಪ್ಪಿನಿಂದ ಕಲಿ ಅವನೊಳಗೆ ಸೇರುತ್ತಾನೆ. ದೊಡ್ಡ ಕೇಡು ಚಿಕ್ಕ ಬಾಗಿಲಿನಿಂದಲೇ ಬರುತ್ತದೆ. ನಳನು ಪಗಡೆಯಲ್ಲಿ ರಾಜ್ಯವನ್ನು ಕಳೆದು, ನಿದ್ರಿಸುತ್ತಿದ್ದ ದಮಯಂತಿಯನ್ನು ಕಾಡಿನಲ್ಲಿ ಬಿಟ್ಟು ಹೋಗುತ್ತಾನೆ. ಅವನೂ ಓಡಿದವನೇ. ಆದರೆ ಮುಂದೆ ಅವನು ಋತುಪರ್ಣ ರಾಜನ ಸಾರಥಿಯಾಗಿ ದುಡಿಯುತ್ತಾನೆ; ತಾನು ಬಲ್ಲ ಕುದುರೆಯ ವಿದ್ಯೆಯನ್ನು ಕೊಟ್ಟು ಅಕ್ಷಹೃದಯವನ್ನು, ಎಂದರೆ ಪಗಡೆಯ ಮರ್ಮವನ್ನು ಕಲಿಯುತ್ತಾನೆ. ಆ ಅರಿವು ಬಂದ ಕ್ಷಣವೇ ಕಲಿ ಅವನ ದೇಹವನ್ನು ಬಿಟ್ಟು ಹೊರಬೀಳುತ್ತಾನೆ. ತನ್ನನ್ನು ಕೆಡಿಸಿದುದರ ಒಳಗುಟ್ಟನ್ನು ತಿಳಿದವನೇ ಅದರಿಂದ ಬಿಡುಗಡೆ ಹೊಂದುವನೆಂಬುದು ಈ ಕಥೆಯ ಸಾರ. ಜೂಜಿನಲ್ಲಿ ಸರ್ವಸ್ವವನ್ನೂ ಸೋತು ಕಾಡು ಸೇರಿದ ಧರ್ಮರಾಯನಿಗೆ ಬೃಹದಶ್ವ ಋಷಿ ಹೇಳಿದ ಕಥೆಯಿದು ಎಂಬುದನ್ನು ನೆನೆದಾಗ ಇದರ ಬೆಲೆ ಇಮ್ಮಡಿಯಾಗುತ್ತದೆ. ನಳನು ತಪ್ಪನ್ನು ಅರಿತು ಹಿಂದಿರುಗಿದನು. ದೇವದಾಸನು ಸಾಯುವುದಕ್ಕಷ್ಟೇ ಹಿಂದಿರುಗಿದನು.

ಹಾಗಾದರೆ ಶರತ್‌ಚಂದ್ರರು ದೇವದಾಸನನ್ನು ಹೊಗಳಿದರೇ? ಇಲ್ಲ. ರೋಗದಿಂದ ಜರ್ಜರಿತನಾದ ಅವನು ಮಲಗಿದ್ದ ಸೇವಕನಿಗೂ ತಿಳಿಸದೆ ರೈಲಿನಿಂದಿಳಿದು, ಎತ್ತಿನ ಗಾಡಿಯಲ್ಲಿ ಪಯಣಿಸಿ, ರಾತ್ರಿಯ ಹೊತ್ತು ಹಾತಿಪೋತಾ ತಲುಪಿ ಸಾಯುವ ಭಾಗವನ್ನು ಅವರು ಕಣ್ಣೀರು ಬರುವಂತೆ ಬರೆದಿದ್ದಾರೆ. ಕೊನೆಯಲ್ಲಿ ಅವರು ಓದುಗರಿಂದ ಬೇಡುವುದು ಮರುಕವನ್ನು ಮಾತ್ರ. ಇಂತಹ ಮರಣ ಯಾರಿಗೂ ಬಾರದಿರಲೆಂಬುದೇ ಅವರ ಆಶಯ. ಮರುಕಪಡಬೇಕಾದವನನ್ನು ನಾವು ಮೆಚ್ಚತೊಡಗಿದೆವು. ಮೆಚ್ಚಿದವನನ್ನು ತರುಣರು ಅನುಕರಿಸತೊಡಗಿದರು. ತಪ್ಪು ನಡೆದುದು ಇಲ್ಲಿ.

ಕಥೆ ಬರೆಯುವ ಆಸೆಯುಳ್ಳ ನಮ್ಮ ವಿದ್ಯಾರ್ಥಿಗಳು ಇಂತಹ ಪಾತ್ರವನ್ನು ರೂಪಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಪಾತ್ರದ ಪತನಕ್ಕೆ ಬೀಜ ಮೊದಲೇ ಕಾಣಿಸಿದೆಯೇ? ಬೇರೆ ದಾರಿ ಹಿಡಿಯಬಹುದಾಗಿದ್ದ ಗಳಿಗೆಯೊಂದು ಅವನಿಗೆ ದೊರೆತಿತ್ತೇ? ಅವನ ತಪ್ಪಿನಿಂದ ನೋವುಂಡವರ ಮನಸ್ಸನ್ನೂ ಲೇಖಕನು ಬರೆದಿದ್ದಾನೆಯೇ? ಈ ಮೂರನೆಯ ಪ್ರಶ್ನೆಯೇ ಮುಖ್ಯ. ಅಂದಿನ ಚರ್ಚಾಕೂಟದಲ್ಲಿ ಆ ಬಾಲಕಿ ಕೇಳಿದುದೂ ಅದನ್ನೇ.

ಅವಳು ಈಗ ನಮ್ಮ ಶಾಲೆಯನ್ನು ಬಿಟ್ಟು ಕಾಲೇಜು ಸೇರಿದ್ದಾಳೆ. ಈ ಸಂಚಿಕೆ ಅವಳ ಕೈ ಸೇರಲಿ. ಪ್ರಶ್ನೆ ಕೇಳುವ ಅವಳ ಧೈರ್ಯ ಬಾಳಿನ ಕೊನೆಯವರೆಗೂ ಕುಂದದಿರಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.