ವೈದರ್ಭೀ ರೀತಿ: ನಾಡಿನ ಹೆಸರು, ಕವಿಯ ಆಯ್ಕೆ

ನಾಗಪುರವನ್ನು ಒಳಗೊಂಡ ವಿದರ್ಭವು ಇಂದು ಕಿತ್ತಳೆಗೂ ಹತ್ತಿಗೂ ಹೆಸರಾಗಿದೆ. ಭಾರತೀಯ ಕಾವ್ಯಮೀಮಾಂಸೆಯಲ್ಲಾದರೋ ಅದರ ಹೆಸರು ಬರವಣಿಗೆಯ ಒಂದು ಬಗೆಗೆ ನಿಂತಿದೆ; ಅದೇ ವೈದರ್ಭೀ ರೀತಿ. ತಿಳಿಯಾದ ಅರ್ಥ, ಇಂಪಾದ ನುಡಿ, ಹದವಾದ ಪದಬಂಧ ಇವು ಅದರ ಲಕ್ಷಣಗಳು. ಕಾವ್ಯಪುರುಷನಿಗೂ ಸಾಹಿತ್ಯವಿದ್ಯೆಯೆಂಬ ವಧುವಿಗೂ ವಿವಾಹವಾದುದು ವಿದರ್ಭದ ವತ್ಸಗುಲ್ಮದಲ್ಲಿ, ಎಂದರೆ ಇಂದಿನ ವಾಶಿಮ್‌ನಲ್ಲಿ, ಎಂದು ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಕಥೆ ಕಟ್ಟಿದ್ದಾನೆ. ಶೈಲಿಗೆ ನಾಡಿನ ಹೆಸರು ಬಂದ ಮಾತ್ರಕ್ಕೆ ಅದು ಆ ನಾಡಿನ ಮಣ್ಣಿನಲ್ಲಿಯೇ ಬೆಳೆಯತಕ್ಕದ್ದೆ? ಹಾಗಿದ್ದರೆ, ಕನ್ನಡ ನಾಡಿನಿಂದ ದೂರವಿದ್ದು ಕನ್ನಡದಲ್ಲಿ ಬರೆಯುವವನ ಪಾಡೇನು? ಪ್ರಶ್ನೆ ಹಳೆಯದು, ಆಲಂಕಾರಿಕರು ಇದನ್ನು ಬಹುಕಾಲ ಚರ್ಚಿಸಿದ್ದಾರೆ.

ಏಳನೆಯ ಶತಮಾನದ ಕೊನೆಯ ಹೊತ್ತಿಗೆ ದಂಡಿಯು ‘ಕಾವ್ಯಾದರ್ಶ’ದಲ್ಲಿ ಶ್ಲೇಷ, ಪ್ರಸಾದ ಮುಂತಾದ 10 ಗುಣಗಳನ್ನು ಹೇಳಿ, ಅವೇ ವೈದರ್ಭ ಮಾರ್ಗದ ಪ್ರಾಣವೆಂದನು, ಗೌಡ ಮಾರ್ಗದಲ್ಲಿ ಬಹುಮಟ್ಟಿಗೆ ಇವುಗಳ ವಿಪರ್ಯಯ ಕಾಣುವುದೆಂದನು. ದಂಡಿಯ ಪೂರ್ವಿಕರು ಅಚಲಪುರದಲ್ಲಿ ನೆಲಸಿದ್ದರೆಂದು ‘ಅವಂತಿಸುಂದರೀಕಥೆ’ಯಿಂದ ತಿಳಿದುಬರುತ್ತದೆ, ಅದನ್ನು ವಿದರ್ಭದ ಅಚಲಪುರವೆಂದು ವಿದ್ವಾಂಸರು ಗುರುತಿಸುತ್ತಾರೆ. ದಂಡಿಯಾದರೋ ಬಾಳಿದ್ದು ದೂರದ ಕಂಚಿಯಲ್ಲಿ. ವೈದರ್ಭ ಮಾರ್ಗಕ್ಕೆ ಶಾಸ್ತ್ರ ಬರೆದವನೇ ವಿದರ್ಭದ ಹೊರಗಿದ್ದನು.

ಭಾಮಹನು ಈ ವಿಭಾಗವನ್ನೇ ಒಪ್ಪಲಿಲ್ಲ. ಒಂದು ಹೆಸರಿನಿಂದ ಕಾವ್ಯ ಮೇಲಾಗದು, ಇನ್ನೊಂದರಿಂದ ಕೀಳಾಗದು ಎಂಬುದು ಅವನ ಅಭಿಪ್ರಾಯದ ಸಾರ. ರೀತಿಯನ್ನೇ ಕಾವ್ಯದ ಆತ್ಮವೆಂದ ವಾಮನನು ಕೂಡ, ಆ ನಾಡಿನ ಕವಿಗಳಲ್ಲಿ ಕಂಡುದರಿಂದ ಹೆಸರು ಬಂದಿತೇ ಹೊರತು ನಾಡು ಕಾವ್ಯಕ್ಕೆ ಯಾವ ಉಪಕಾರವನ್ನೂ ಮಾಡುವುದಿಲ್ಲ ಎಂದು ಸ್ಪಷ್ಟಪಡಿಸಿದನು. ‘ವಕ್ರೋಕ್ತಿಜೀವಿತ’ದ ಕುಂತಕನು ಇನ್ನೂ ಮುಂದೆ ಹೋದನು. ದೇಶಕ್ಕೊಂದು ರೀತಿಯಾದರೆ ರೀತಿಗಳಿಗೆ ಲೆಕ್ಕವೇ ಇರದು. ಮಾರ್ಗಭೇದಕ್ಕೆ ಮೂಲ ಕವಿಸ್ವಭಾವ ಎಂದು ಹೇಳಿ ಸುಕುಮಾರ, ವಿಚಿತ್ರ, ಮಧ್ಯಮ ಎಂಬ ಮೂರು ಮಾರ್ಗಗಳನ್ನು ನಿರೂಪಿಸಿದನು.

ರೀತಿ ಬದಲಾದರೆ ಅರ್ಥವೂ ಬದಲಾಗುವುದೆಂಬುದನ್ನು ಸಣ್ಣ ಉದಾಹರಣೆಯಿಂದ ನೋಡಬಹುದು. “ಮಳೆ ಬಂತು. ಕೆರೆ ತುಂಬಿತು. ಅಂದು ರಾತ್ರಿ ಊರು ನಿದ್ದೆ ಮಾಡಿತು.” ಇದೇ ಸಂಗತಿಯನ್ನು ಹೀಗೂ ಹೇಳಬಹುದು: “ಘನಗರ್ಜನಭೀಷಣಧಾರಾಪಾತದಿಂದ ತಟಾಕವು ಉಕ್ಕೇರಲು ಗ್ರಾಮಜನಸ್ತೋಮವು ನಿಶ್ಚಿಂತನಿದ್ರಾಮಗ್ನವಾಯಿತು.” ಎರಡನೆಯದರಲ್ಲಿ ಓಜಸ್ಸಿದೆ, ಕಿವಿ ತುಂಬುವುದು ಮಳೆಯ ಆರ್ಭಟ. ಕಟ್ಟೆಯೊಡೆದು ಊರು ಕೊಚ್ಚಿಹೋದ ಪ್ರಸಂಗಕ್ಕೆ ಆ ಬಂಧ ಒಪ್ಪೀತು. ಇಲ್ಲಿ ಅದು ನಿದ್ದೆಯನ್ನು ಕೆಡಿಸುತ್ತದೆ. ಮೊದಲನೆಯದರಲ್ಲಿ ನಿದ್ದೆ ಮಾಡುವ ಮನುಷ್ಯಧರ್ಮವನ್ನು ಊರಿಗೆ ಆರೋಪಿಸಿದೆ. ದಂಡಿಯು ಸಮಾಧಿ ಎಂದು ಕರೆದು ಕಾವ್ಯದ ಸರ್ವಸ್ವವೆಂದು ಹೊಗಳಿದ ಗುಣ ಇದೇ. ಅದುವರೆಗೆ ಊರಿಗೆ ನಿದ್ದೆಯಿರಲಿಲ್ಲ ಎಂಬುದನ್ನು ವಾಕ್ಯ ಬಾಯಿಬಿಟ್ಟು ಹೇಳದೆಯೇ ತಿಳಿಸುತ್ತದೆ.

ಇನ್ನೊಂದು ಉದಾಹರಣೆ: “ವೈಶಾಖದಲ್ಲಿ ನಾಗಪುರ ಕಾಯುತ್ತದೆ.” ‘ಕಾಯು’ ಎಂದರೆ ಬಿಸಿಯಾಗು, ಎದುರುನೋಡು ಎಂದೂ ಅರ್ಥ. ಒಂದೇ ಕ್ರಿಯಾಪದ ಬಿಸಿಲನ್ನೂ ಮಳೆಯ ಹಂಬಲವನ್ನೂ ಹೊತ್ತಿದೆ. ನೆಲ ವಿದರ್ಭದ್ದು, ಶ್ಲೇಷೆ ಕನ್ನಡದ್ದು. ಬೇರೆ ಭಾಷೆಗೆ ತಿರುಗಿಸಿದರೆ ಎರಡರಲ್ಲೊಂದು ಅರ್ಥ ಉದುರಿಹೋಗುವ ಸಂಭವವೇ ಹೆಚ್ಚು.

ಈ ವಿಚಾರ ಕನ್ನಡಕ್ಕೆ ಹೊಸತಲ್ಲ. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದರೂ, ವಿದರ್ಭ ಗೌಡಗಳ ಹೆಸರನ್ನು ಹಾಗೆಯೇ ಇರಿಸಿಕೊಳ್ಳದೆ ಕನ್ನಡ ಕವಿಗಳಿಗೆ ದಕ್ಷಿಣ, ಉತ್ತರ ಎಂಬ ಎರಡು ಮಾರ್ಗಗಳನ್ನು ಕಲ್ಪಿಸಿತು. ಹೊರಗಿನಿಂದ ಬಂದ ಶಾಸ್ತ್ರವನ್ನು ಕನ್ನಡದ ಜಾಯಮಾನಕ್ಕೆ ಒಗ್ಗಿಸಿಕೊಂಡ ಬಗೆ ಇದು. ಸಂಸ್ಕೃತ ಕನ್ನಡಗಳನ್ನು ಹೊಂದಿಕೆಯಿಲ್ಲದೆ ಸಮಾಸದಲ್ಲಿ ಬೆರೆಸುವುದನ್ನು ಅದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೀಳುವುದಕ್ಕೆ ಹೋಲಿಸಿತು. ಹಾಲೂ ಒಳ್ಳೆಯದು, ಮಜ್ಜಿಗೆಯೂ ಒಳ್ಳೆಯದು. ಕೆಡುಕಿರುವುದು ವಿವೇಚನೆಯಿಲ್ಲದ ಬೆರಕೆಯಲ್ಲಿ. ಹೋಲಿಕೆಯೇ ಇಲ್ಲಿ ವಾದದ ಕೆಲಸ ಮಾಡಿದೆ.

ಅದೇ ಗ್ರಂಥವು ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಹರಡಿದುದೆಂದು ವರ್ಣಿಸುತ್ತದೆ. ನಾಗಪುರ ಆ ಎಲ್ಲೆಯ ಆಚೆಗಿದೆ. ಮರಾಠಿ ಹಿಂದಿಗಳ ನಡುವೆ ಬಾಳುವ ಕನ್ನಡ ಲೇಖಕನಿಗೆ ಎರಡು ಅಪಾಯಗಳುಂಟು: ಆಡುನುಡಿಯ ಒರತೆ ಬತ್ತಿದಂತೆಲ್ಲ ಗ್ರಂಥಸ್ಥ ಸಮಾಸಗಳಿಗೆ ಮೊರೆಹೋಗುವುದು ಒಂದು, ಕೈಗೆ ಸಿಕ್ಕ ಪರನುಡಿಯನ್ನು ಹಾಗೆಯೇ ಬೆರೆಸುವುದು ಇನ್ನೊಂದು. ಸಮಾಸವಾಗಲಿ ಪರನುಡಿಯಾಗಲಿ ತಾನೇ ದೋಷವಲ್ಲ. ಹೇಳಬೇಕಾದ ಅರ್ಥ ಅದನ್ನು ಬೇಡಿತೆ ಎಂಬುದೊಂದೇ ಒರೆಗಲ್ಲು.

ಹುಂಡಿಯನ್ನು ಒಂದೂರಿನಲ್ಲಿ ಬರೆದರೂ ಅದು ಇನ್ನೊಂದೂರಿನಲ್ಲಿ ಸಲ್ಲುತ್ತದೆ. ಅದಕ್ಕೆ ಬೆಲೆ ಬರುವುದು ಬರೆದವನ ಮೇಲಣ ನಂಬಿಕೆಯಿಂದ, ಬರೆದ ಊರಿನಿಂದಲ್ಲ. ರೀತಿಯ ವಿಷಯವೂ ಹೀಗೆಯೇ. ವಿದರ್ಭದ ಹೆಸರಿನ ರೀತಿ ಕಂಚಿಯಲ್ಲಿ ಶಾಸ್ತ್ರವಾಯಿತು, ರಾಷ್ಟ್ರಕೂಟರ ಆಸ್ಥಾನದಲ್ಲಿ ಕನ್ನಡವಾಯಿತು. ಕನ್ನಡದ ಮಾರ್ಗ ವಿದರ್ಭದಲ್ಲಿ ಸಲ್ಲದಿರಲು ಕಾರಣವಿಲ್ಲ.