ನಿಯಂತ್ರಣ ತೆರವಾದ ಮೇಲೆ ಕಂಪನಿಯ ಕಾವಲು ಯಾರದು?

ಸರ್ಕಾರ ಒಂದು ಉದ್ಯಮದ ಮೇಲಿನ ಹಿಡಿತ ಸಡಿಲಿಸಿದಾಗ ಬೆಲೆ ಮತ್ತು ಪೈಪೋಟಿ ಮಾತ್ರವಲ್ಲ, ಕಂಪನಿಗಳ ಒಳಗಿನ ಆಡಳಿತವೂ ಬದಲಾಗುತ್ತದೆ. ಅಮೆರಿಕದ ವಿಮಾನಯಾನ ಇದಕ್ಕೆ ಸ್ಪಷ್ಟ ನಿದರ್ಶನ.

ಅಲ್ಲಿ 1938ರ ಕಾಯ್ದೆಯಿಂದ ಹುಟ್ಟಿ, ಮುಂದೆ ಸಿವಿಲ್ ಏರೋನಾಟಿಕ್ಸ್ ಬೋರ್ಡ್ ಎಂದು ಹೆಸರಾದ ಸಂಸ್ಥೆ ಅಂತರರಾಜ್ಯ ಹಾರಾಟದ ಮಾರ್ಗಗಳನ್ನೂ ಟಿಕೆಟ್ ದರವನ್ನೂ ನಿಗದಿಪಡಿಸುತ್ತಿತ್ತು. ಎಲ್ಲಿಗೆ ಹಾರಬೇಕು, ಎಷ್ಟು ಹಣ ಪಡೆಯಬೇಕು ಎಂಬ ದೊಡ್ಡ ತೀರ್ಮಾನಗಳು ಕಂಪನಿಯ ಹೊರಗೇ ಆಗುತ್ತಿದ್ದುದರಿಂದ ನಿರ್ದೇಶಕ ಮಂಡಳಿಯ ಮೇಲೆ ಹೆಚ್ಚಿನ ಹೊರೆ ಇರಲಿಲ್ಲ. ಗೂಟಕ್ಕೆ ಕಟ್ಟಿದ ದನವನ್ನು ಕಾಯುವ ಕೆಲಸ ಹಗುರ. ಹಗ್ಗ ಬಿಚ್ಚಿದರೆ ಕಾಯುವವರು ಎಚ್ಚರವಾಗಿರಲೇಬೇಕು.

ಹಗ್ಗ ಬಿಚ್ಚಿದ್ದು 1978ರಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಕಾನ್ 1977ರಲ್ಲಿ ಬೋರ್ಡಿನ ಅಧ್ಯಕ್ಷರಾಗಿ, ಅದರ ಅಧಿಕಾರವನ್ನೇ ಕಡಿಮೆ ಮಾಡಲು ಶ್ರಮಿಸಿದರು. 1978ರ ಅಕ್ಟೋಬರ್ 24ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ನಿಯಂತ್ರಣ ತೆರವಿನ ಕಾಯ್ದೆಗೆ ಸಹಿ ಹಾಕಿದರು. 1984ರ ಕೊನೆಗೆ ಬೋರ್ಡ್ ಇಲ್ಲವಾಯಿತು. ಸುರಕ್ಷತೆಯ ನಿಯಮಗಳು ಮಾತ್ರ ಸರ್ಕಾರದ ಕೈಯಲ್ಲೇ ಉಳಿದವು.

ನಂತರದ ಬದಲಾವಣೆಯನ್ನು ಸಂಶೋಧಕರಾದ ಸ್ಟೇಸಿ ಕೋಲ್ ಮತ್ತು ಕೆನೆತ್ ಲೇನ್ ಅಳೆದು ನೋಡಿದರು. 1999ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಷೇರುಗಳ ಒಡೆತನ ಕೆಲವೇ ದೊಡ್ಡ ಷೇರುದಾರರ ಕೈಯಲ್ಲಿ ಕೇಂದ್ರೀಕೃತವಾಯಿತು, ನಿರ್ದೇಶಕ ಮಂಡಳಿಗಳು ಚಿಕ್ಕದಾದವು, ಮುಖ್ಯ ಕಾರ್ಯನಿರ್ವಾಹಕರ ಸಂಬಳ ಏರಿತು, ಷೇರು ಖರೀದಿಯ ಹಕ್ಕನ್ನು ಸಂಭಾವನೆಯಾಗಿ ಕೊಡುವುದು ಹೆಚ್ಚಿತು. ದೊಡ್ಡ ಪಾಲಿರುವ ಷೇರುದಾರ ಆಡಳಿತವನ್ನು ಹತ್ತಿರದಿಂದ ಗಮನಿಸುತ್ತಾನೆ. ಚಿಕ್ಕ ಮಂಡಳಿ ಬೇಗ ತೀರ್ಮಾನಿಸುತ್ತದೆ. ಷೇರಿನ ಬೆಲೆಗೆ ಕಟ್ಟಿದ ಸಂಭಾವನೆ ಅಧಿಕಾರಿಯ ಹಿತವನ್ನು ಷೇರುದಾರರ ಹಿತದೊಂದಿಗೆ ಜೋಡಿಸುತ್ತದೆ. ಆದರೆ ಈ ಹೊಂದಾಣಿಕೆ ಕಾಯ್ದೆಯ ಬೆನ್ನಿಗೇ ಬರಲಿಲ್ಲ, ವರ್ಷಗಳನ್ನೇ ತೆಗೆದುಕೊಂಡಿತು.

ಮಾರುಕಟ್ಟೆ ಅಷ್ಟು ಕಾಯಲಿಲ್ಲ. ಬ್ರಾನಿಫ್ ಕಂಪನಿ 1978ರ ಡಿಸೆಂಬರ್‌ನಲ್ಲಿ ಒಂದೇ ದಿನ 32 ಹೊಸ ಮಾರ್ಗಗಳನ್ನು ಆರಂಭಿಸಿತು. ಸಾಲ, ಇಂಧನದ ಬೆಲೆ, ಬಡ್ಡಿದರಗಳ ಭಾರ ತಾಳದೆ 1982ರ ಮೇನಲ್ಲಿ ದಿವಾಳಿಯಾಯಿತು. ಜಗತ್ಪ್ರಸಿದ್ಧ ಪ್ಯಾನ್ ಆಮ್ 1991ರಲ್ಲಿ ಹಾರಾಟ ನಿಲ್ಲಿಸಿತು. ಅದೇ ಪೈಪೋಟಿಯಲ್ಲಿ ಸೌತ್‌ವೆಸ್ಟ್ ಒಂದೇ ಮಾದರಿಯ ವಿಮಾನ, ಕಡಿಮೆ ವೆಚ್ಚ, ಬೇಗ ಮರುಹಾರಾಟದ ಕ್ರಮದಿಂದ ಬೆಳೆದು, 1973ರಿಂದ 2019ರವರೆಗೆ ಪ್ರತಿವರ್ಷ ಲಾಭ ಗಳಿಸಿತು. ಹಣದುಬ್ಬರ ಕಳೆದು ನೋಡಿದರೆ ಟಿಕೆಟ್ ದರ ಇಳಿದು, ಪ್ರಯಾಣಿಕರಿಗೆ ದೊಡ್ಡ ಲಾಭವಾಯಿತು.

ನಿಯಂತ್ರಣ ತೆರವು ಎಲ್ಲ ಕಂಪನಿಗಳ ಸಾಧನೆಯನ್ನೂ ಒಂದೇ ದಿಕ್ಕಿಗೆ ಒಯ್ಯುವುದಿಲ್ಲ. ಒಳ್ಳೆಯ ಆಡಳಿತಕ್ಕೂ ಕೆಟ್ಟ ಆಡಳಿತಕ್ಕೂ ಇರುವ ಅಂತರವನ್ನು ಹಿಗ್ಗಿಸುತ್ತದೆ. ಸರ್ಕಾರದ ಕಾವಲು ತೆಗೆದ ದಿನಕ್ಕೂ ಮಂಡಳಿಯ ಕಾವಲು ಬಲಗೊಳ್ಳುವ ದಿನಕ್ಕೂ ನಡುವಿನ ಅವಧಿಯೇ ಕಂಪನಿಗಳಿಗೆ ಅತ್ಯಂತ ಅಪಾಯದ ಕಾಲ.