ಸೂಜಿ ಚುಚ್ಚಿದರೆ ಮುಚ್ಚಿಡಬೇಡಿ

ನಮ್ಮ ನೆರೆಮನೆಯ ಹುಡುಗಿ ಪಿಯುಸಿ ಮುಗಿಸಿ ಪೇಟೆಯ ಒಂದು ಕ್ಲಿನಿಕ್‌ಗೆ ಕೆಲಸಕ್ಕೆ ಸೇರಿಕೊಂಡಳು. ಚೀಟಿ ಬರೆಯುವುದು, ಬಿಪಿ ನೋಡುವುದು, ಡಾಕ್ಟರಿಗೆ ಸಿರಿಂಜ್ ಎತ್ತಿಕೊಡುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು ಅವಳ ಕೆಲಸ. ಜನ ತುಂಬಿದ್ದ ಒಂದು ಸಂಜೆ, ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಂಡಳು. ಒಂದೇ ಹನಿ ರಕ್ತ. ಬೆರಳನ್ನು ಬಾಯಲ್ಲಿಟ್ಟು ಚೀಪಿ, ಹತ್ತಿ ಒತ್ತಿ, ಮುಂದಿನ ರೋಗಿಯ ಹೆಸರು ಕರೆದಳು.

ಡಾಕ್ಟರಿಗೆ ಹೇಳಲಿಲ್ಲ, ಬೈದಾರು ಎಂಬ ಹೆದರಿಕೆ. ಮನೆಯಲ್ಲೂ ಹೇಳಲಿಲ್ಲ, ಆಗ ಅವಳ ಮದುವೆ ಮಾತುಕತೆ ನಡೆಯುತ್ತಿತ್ತು. ಐದನೇ ದಿನ ರಾತ್ರಿ ನಿದ್ದೆ ಬಾರದೆ ಉಮ್ಮನ ಮುಂದೆ ಅತ್ತಾಗಲೇ ವಿಷಯ ಹೊರಬಂದದ್ದು. ಅಷ್ಟರಲ್ಲಿ ಎಚ್‌ಐವಿ ತಡೆಯುವ ಮಾತ್ರೆ ಶುರುಮಾಡುವ ಸಮಯ ಮೀರಿತ್ತು. ಆ ಸೂಜಿ ಯಾವ ರೋಗಿಗೆ ಹಾಕಿದ್ದು ಎಂದೂ ಗೊತ್ತಾಗಲಿಲ್ಲ. ಆರು ತಿಂಗಳ ಅವಧಿಯಲ್ಲಿ ಮತ್ತೆ ಮತ್ತೆ ರಕ್ತ ಪರೀಕ್ಷೆ. ಅಲ್‌ಹಮ್ದುಲಿಲ್ಲಾಹ್, ಎಲ್ಲವೂ ನೆಗೆಟಿವ್ ಬಂತು. ಆದರೆ ಆ ಆರು ತಿಂಗಳು ಆ ಮನೆಯವರು ಉಂಡ ಅನ್ನ ಮೈಗೆ ಹತ್ತಲಿಲ್ಲ.

ಈಗ ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ನರ್ಸಿಂಗ್, ಲ್ಯಾಬ್, ಡೆಂಟಲ್ ಕ್ಲಿನಿಕ್ ಎಂದು ಕೆಲಸಕ್ಕೆ ಹೋಗುತ್ತಿದ್ದಾರೆ. ಸಂಬಳ ಎಷ್ಟು, ರಾತ್ರಿ ಡ್ಯೂಟಿ ಇದೆಯಾ ಎಂದು ನಾವು ತಪ್ಪದೆ ಕೇಳುತ್ತೇವೆ. ಗ್ಲೌಸ್ ಕೊಡುತ್ತಾರಾ, ಲಸಿಕೆ ಹಾಕಿಸಿದ್ದಾರಾ ಎಂದು ಕೇಳುವವರು ಎಷ್ಟು ಮಂದಿ?

ಎಲ್ಲರಿಗೂ ಒಂದೇ ನಿಯಮ

ಏಡ್ಸ್ ಜಗತ್ತನ್ನು ಹೆದರಿಸಿದ್ದ ಕಾಲದಲ್ಲಿ, 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಒಂದು ಸರಳ ಸೂತ್ರ ಹೇಳಿತು: ಯಾವ ರೋಗಿಯ ರಕ್ತವೇ ಇರಲಿ, ಅದರಲ್ಲಿ ಸೋಂಕು ಇದೆ ಎಂದೇ ತಿಳಿದು ಕೆಲಸ ಮಾಡಿ. ಇದನ್ನೇ ಯೂನಿವರ್ಸಲ್ ಪ್ರಿಕಾಷನ್ಸ್, ಅಂದರೆ ಸಾರ್ವತ್ರಿಕ ಮುನ್ನೆಚ್ಚರಿಕೆ ಎನ್ನುತ್ತಾರೆ. 1996ರಲ್ಲಿ ಇದನ್ನು ಇನ್ನಷ್ಟು ವಿಸ್ತರಿಸಿ, ಬೆವರು ಬಿಟ್ಟು ದೇಹದ ಉಳಿದೆಲ್ಲ ಸ್ರಾವಗಳಿಗೂ ಅನ್ವಯಿಸಲಾಯಿತು.

ಕಾರಣ ಇಷ್ಟೇ, ಮುಖ ನೋಡಿ ಕಾಯಿಲೆ ಗೊತ್ತಾಗುವುದಿಲ್ಲ. ಹೆಪಟೈಟಿಸ್ ಬಿ ಅಥವಾ ಎಚ್‌ಐವಿ ಇರುವ ಎಷ್ಟೋ ಮಂದಿಗೆ ಅದು ತಮ್ಮಲ್ಲಿದೆ ಎಂದೇ ತಿಳಿದಿರುವುದಿಲ್ಲ. ಎಚ್‌ಐವಿ ಇದೆ ಎಂದು ಗೊತ್ತಾದವರಿಗೆ ಎರಡೆರಡು ಗ್ಲೌಸ್, ಪರಿಚಯದ ಹಾಜಿಯವರಿಗೆ ಬರಿಗೈ ಎಂದು ಮಾಡಿದರೆ ಮೊದಲನೆಯವರಿಗೆ ಅವಮಾನ, ನಮಗೆ ಅಪಾಯ.

ಇದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರ ತಾಲೂಕು ಆಸ್ಪತ್ರೆಗೆ ಬಂದ ಜ್ವರದ ರೋಗಿಯನ್ನು ನರ್ಸ್ ಲಿನಿ ಉಪಚರಿಸಿದರು. ಅದು ನಿಪಾ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಸೋಂಕು ಅವರಿಗೂ ತಗಲಿತ್ತು. ಇಬ್ಬರು ಪುಟ್ಟ ಮಕ್ಕಳನ್ನು ಬಿಟ್ಟು ಮೇ 21ರಂದು ಅವರು ತೀರಿಕೊಂಡರು. ಆ ಸಲ ನಿಪಾ ಹೆಚ್ಚಾಗಿ ಹರಡಿದ್ದು ಆಸ್ಪತ್ರೆಗಳ ಒಳಗೇ. ಕಾಯಿಲೆಯ ಹೆಸರು ತಿಳಿಯುವ ತನಕ ಕಾಯಬಾರದು ಎನ್ನುವುದು ಇದಕ್ಕೇ. ಕೆಮ್ಮುವ ರೋಗಿ ಬಂದ ಕೂಡಲೇ ಅವರಿಗೂ ಮಾಸ್ಕ್, ನಮಗೂ ಮಾಸ್ಕ್.

ಕೆಲಸದ ಜಾಗದಲ್ಲಿ

ಮೊದಲನೆಯದು ಕೈ. ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ನಂತರ, ಗ್ಲೌಸ್ ಕಳಚಿದ ಮೇಲೂ ಕೈ ತೊಳೆಯಬೇಕು. ಸೋಪು ನೀರಾದರೆ 40ರಿಂದ 60 ಸೆಕೆಂಡ್, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್. ಉಂಗುರ, ಬಳೆ ಕೆಲಸದ ಹೊತ್ತಿಗೆ ಮನೆಯಲ್ಲಿರಲಿ. ಉದ್ದ ತೋಳು ಗಾಯಕ್ಕೆ ತಾಗುತ್ತದೆ, ಸೋಂಕನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುತ್ತದೆ. ಕೈ ತೊಳೆಯುವಾಗ, ಗಾಯ ಮುಟ್ಟುವಾಗ ಅದನ್ನು ಮೇಲಕ್ಕೆ ಮಡಚಿಕೊಳ್ಳಿ. ಒಂದು ಜೊತೆ ಗ್ಲೌಸ್ ಒಬ್ಬ ರೋಗಿಗೆ ಮಾತ್ರ. ಅದೇ ಗ್ಲೌಸ್‌ನಲ್ಲಿ ಫೋನ್ ಎತ್ತುವುದು, ಬಾಗಿಲು ತೆರೆಯುವುದು ಬೇಡ.

ಎರಡನೆಯದು ಸೂಜಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿ, ಬ್ಲೇಡ್‌ಗಳಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬ ಇರಲೇಬೇಕು. ರಕ್ತ ಅಂಟಿದ ಹತ್ತಿ, ಬ್ಯಾಂಡೇಜ್ ಹಳದಿ ಚೀಲಕ್ಕೆ, ಟ್ಯೂಬ್, ಗ್ಲೌಸ್ ಕೆಂಪಿಗೆ, ಗಾಜು ನೀಲಿಗೆ. ಡಬ್ಬದ ಮುಕ್ಕಾಲು ಭಾಗ ತುಂಬಿದರೆ ಬದಲಿಸಬೇಕು, ಒತ್ತಿ ತುರುಕಬಾರದು.

ನೆಲಕ್ಕೆ ರಕ್ತ ಬಿದ್ದರೆ ಬರಿ ಬಟ್ಟೆಯಲ್ಲಿ ಒರೆಸಿ ಬಿಡುವುದಲ್ಲ. ಗ್ಲೌಸ್ ಹಾಕಿ, ಬಟ್ಟೆ ಅಥವಾ ಕಾಗದ ಮುಚ್ಚಿ, ಶೇಕಡಾ 1ರ ಹೈಪೋಕ್ಲೋರೈಟ್ ದ್ರಾವಣ ಸುರಿದು, ಕನಿಷ್ಠ ಹತ್ತು ನಿಮಿಷ ಬಿಟ್ಟು ತೆಗೆಯಬೇಕು.

ಚುಚ್ಚಿಯೇ ಬಿಟ್ಟರೆ

ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಬೆರಳನ್ನು ಹಿಂಡಬೇಡಿ, ಬಾಯಿಗೆ ಇಡಬೇಡಿ. ಕಣ್ಣಿಗೆ ರಕ್ತ ಚಿಮ್ಮಿದರೆ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕೂಡಲೇ ಡಾಕ್ಟರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರುಮಾಡಿದರೆ ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ; 28 ದಿನ ಬಿಡದೆ ತೆಗೆದುಕೊಳ್ಳಬೇಕು. ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಇದರ ಬಗ್ಗೆ ವಿಚಾರಿಸಬಹುದು. 1097ಕ್ಕೆ ಉಚಿತವಾಗಿ ಫೋನ್ ಮಾಡಿಯೂ ಕೇಳಬಹುದು.

ಸೋಂಕಿರುವ ರಕ್ತದ ಸೂಜಿ ಚುಚ್ಚಿದರೂ ಎಚ್‌ಐವಿ ಬರುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು. ಆದರೆ ಲಸಿಕೆ ಹಾಕಿಸದವರಿಗೆ ಹೆಪಟೈಟಿಸ್ ಬಿ ಬರುವ ಸಾಧ್ಯತೆ ನೂರಕ್ಕೆ ಮೂವತ್ತರವರೆಗೂ ಹೋಗಬಹುದು. ಇದಕ್ಕೆ ಲಸಿಕೆ ಇದೆ: ಇವತ್ತೊಂದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ನಾಳೆ ಗಲ್ಫ್‌ಗೆ ಹೊರಡುವಾಗ ಮೆಡಿಕಲ್‌ನಲ್ಲಿ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆ ಮಾಡುತ್ತಾರೆ ಎಂಬುದು ನಮ್ಮವರಿಗೆ ಗೊತ್ತೇ ಇದೆ. ಅನ್‌ಫಿಟ್ ಆದ ಮೇಲೆ ಅಳುವ ಬದಲು ಕೆಲಸಕ್ಕೆ ಸೇರುವ ಮೊದಲೇ ಮೂರು ಡೋಸ್ ಹಾಕಿಸಿಕೊಳ್ಳುವುದು ಒಳ್ಳೆಯದಲ್ಲವೇ?

ಮನೆಯಲ್ಲೂ

ಇನ್ಸುಲಿನ್ ಚುಚ್ಚಿಕೊಳ್ಳುವ ಹಿರಿಯರು ಇರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಆ ಸೂಜಿಯನ್ನು ಕಸದ ಚೀಲಕ್ಕೆ ಹಾಕಿದರೆ ಬೆಳಗ್ಗೆ ಅದು ಚುಚ್ಚುವುದು ಕಸ ಎತ್ತಲು ಬರುವವರ ಕೈಗೆ. ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ತುಂಬಿಸಿ, ಮುಚ್ಚಳ ಬಿಗಿದು, ಸೂಜಿ ವಿಲೇವಾರಿ ಮಾಡುವ ಆಸ್ಪತ್ರೆಯನ್ನು ಕೇಳಿ ಅಲ್ಲಿಗೆ ಕೊಡಿ.

ಇನ್ನೊಂದು ಮಾತು ಹೆತ್ತವರಿಗೆ. ಮಗಳು ಕೆಲಸದಿಂದ ಬಂದು "ಸೂಜಿ ಚುಚ್ಚಿತು" ಎಂದರೆ "ನೋಡಿ ಮಾಡ್ಲಿಕ್ಕೆ ಆಗುದಿಲ್ವಾ?" ಎಂದು ಗದರಬೇಡಿ. ಮದುವೆ ಮಾತುಕತೆ ಇದೆ, ಯಾರಿಗೂ ಹೇಳಬೇಡ ಎಂದೂ ಬಾಯಿ ಮುಚ್ಚಿಸಬೇಡಿ. ಅವಳ ಜೊತೆ ಅದೇ ದಿನ ಆಸ್ಪತ್ರೆಗೆ ಹೊರಡಿ. ನಮ್ಮ ನೆರೆಮನೆಯ ಹುಡುಗಿ ಮೊದಲ ರಾತ್ರಿಯೇ ಹೇಳಿದ್ದರೆ ಮಾತ್ರೆ ಸಿಗುತ್ತಿತ್ತು. ಅವಳು ಹೇಳಲಿಲ್ಲ, ಯಾಕೆಂದರೆ ನಾವು ಏನನ್ನುತ್ತೇವೆ ಎಂಬ ಹೆದರಿಕೆ ಅವಳಿಗೆ ಕಾಯಿಲೆಯ ಹೆದರಿಕೆಗಿಂತ ದೊಡ್ಡದಾಗಿತ್ತು.